ಮನೆಯ ಧ್ವನಿಮುದ್ರಣಕ್ಕೆ ಮೊದಲ ಖರ್ಚು ಯಾವುದು?

ನಮ್ಮ ಕುಟುಂಬಗಳಲ್ಲಿ ಈಚಿನ ಕೆಲವು ವರ್ಷಗಳಿಂದ ಒಂದು ಹೊಸ ಬೇಡಿಕೆ ತಲೆಯೆತ್ತಿದೆ. ಹತ್ತನೆಯ ಅಥವಾ ಹನ್ನೆರಡನೆಯ ತರಗತಿ ಮುಗಿಸಿದ ಮಗನೋ ಮಗಳೋ ತಂದೆತಾಯಿಗಳ ಮುಂದೆ ನಿಂತು, ಮನೆಯಲ್ಲಿಯೇ ಒಂದು ಪುಟ್ಟ ಧ್ವನಿಮುದ್ರಣ ಕೋಣೆಯನ್ನು ಮಾಡಿಕೊಡಬೇಕೆಂದು ಕೇಳುತ್ತಾರೆ. ಗಾಯನವೃಂದದಲ್ಲಿ ಹಾಡುವವರಿಗೆ ಕ್ರಿಸ್‌ಮಸ್ ಗೀತೆಗಳನ್ನು ಮುದ್ರಿಸುವ ಆಸೆ. ಕೆಲವರಿಗೆ ಜನಪದ ಗೀತೆ ಹಾಡಿ ಯೂಟ್ಯೂಬಿಗೆ ಏರಿಸುವ ಹುಮ್ಮಸ್ಸು. ಇನ್ನು ಕೆಲವರಿಗೆ ಪಾಠಗಳನ್ನು ಮುದ್ರಿಸಿ ನಾಲ್ಕು ಕಾಸು ಗಳಿಸುವ ಲೆಕ್ಕಾಚಾರ. ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಆಸೆಯ ಬೆನ್ನಿಗೇ ಒಂದು ಪಟ್ಟಿ ಬರುತ್ತದೆ: ಹೊಸ ಗಣಕಯಂತ್ರ, ಎರಡು ದೊಡ್ಡ ಸ್ಪೀಕರುಗಳು, ದೀಪ ಮಿನುಗುವ ಮಿಕ್ಸರ್, ಹೊಳೆಯುವ ಕಂಡೆನ್ಸರ್ ಮೈಕು, ಗೋಡೆಗೆ ಅಂಟಿಸುವ ಕಪ್ಪು ಸ್ಪಂಜು. ಒಟ್ಟು ಮೊತ್ತ ಲಕ್ಷದ ಹತ್ತಿರ ಹೋಗುತ್ತದೆ. ಕಂತಿನ ಸಾಲದ ಕಾಗದವೂ ಜೊತೆಗೇ ಇರುತ್ತದೆ. ಆ ಪಟ್ಟಿಯನ್ನು ಹಿಡಿದುಕೊಂಡು ಪಾಲಕರು ಗುರುಗಳ ಬಳಿಗೆ ಬರುವುದೂ ಉಂಟು. (ಎತ್ತಿನ ಬೆಲೆಯಿಂದ ಮೊದಲ್ಗೊಂಡು ಎಂಜಿನಿಯರಿಂಗ್ ಸೀಟಿನವರೆಗೆ ಎಲ್ಲವನ್ನೂ ಗುರುಗಳು ಬಲ್ಲರೆಂಬುದು ನಮ್ಮ ಜನರ ಹಳೆಯ ನಂಬಿಕೆ, ಅದನ್ನು ಒಡೆಯುವ ಧೈರ್ಯ ನನಗೂ ಇಲ್ಲ.)

ಪಟ್ಟಿಯ ಕ್ರಮವೇ ತಲೆಕೆಳಗಾಗಿದೆ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಮೊದಲು ಬೇಕಾದುದು ಸದ್ದಿಲ್ಲದ ಒಂದು ಮೂಲೆ. ಅನಂತರ ಒಂದು ಒಳ್ಳೆಯ ಮೈಕು. ಆಮೇಲೆ ಮೈಕಿಗೂ ಗಣಕಯಂತ್ರಕ್ಕೂ ನಡುವೆ ನಿಲ್ಲುವ ಚಿಕ್ಕ ಪೆಟ್ಟಿಗೆ ಮತ್ತು ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನು. ಹೊಸ ಗಣಕಯಂತ್ರ ಕಟ್ಟಕಡೆಗೆ, ಅದೂ ಅಗತ್ಯಬಿದ್ದರೆ ಮಾತ್ರ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಮನೆಗಳಲ್ಲಿ ಈ ಕ್ರಮವನ್ನು ಬಿಟ್ಟರೆ ಹಣ ಹೋಗುವುದು ನಿಶ್ಚಯ, ಧ್ವನಿ ದೊರೆಯುವುದು ಅನುಮಾನ.

ಧ್ವನಿಯನ್ನು ಹಿಡಿದಿಡುವ ಹಂಬಲ ಈ ಸೀಮೆಗೆ ಹೊಸದೇನಲ್ಲ. ಹತ್ತನೆಯ ಶತಮಾನದಲ್ಲಿ ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನ ಅಕ್ಷರಗಳು ಸಾವಿರ ವರ್ಷ ದಾಟಿ ನಮ್ಮ ಕೈಸೇರಿವೆ. ಆತ ಅವುಗಳನ್ನು ಯಾವ ಕಂಠದಲ್ಲಿ ಓದಿದನೆಂಬುದು ಯಾರಿಗೂ ತಿಳಿಯದು. ಬೀಳಗಿಯಲ್ಲಿ ಹುಟ್ಟಿದ ಅಮೀರ್‌ಬಾಯಿ ಕರ್ನಾಟಕಿಯವರ ಕಂಠವಾದರೋ ಇಂದಿಗೂ ಕೇಳಸಿಗುತ್ತದೆ. 1943ರ 'ಕಿಸ್ಮತ್' ಚಿತ್ರದ ಅವರ ಹಾಡುಗಳನ್ನು ದೇಶವೇ ಗುನುಗಿತು. 1965ರಲ್ಲಿ ಅವರು ತೀರಿಕೊಂಡರು, ಧ್ವನಿ ಉಳಿಯಿತು. ಆದರೆ ಆ ಧ್ವನಿ ತಟ್ಟೆಯ ಮೇಲೆ ಮೂಡಬೇಕಾದರೆ ಅವರು ಬೀಳಗಿಯನ್ನು ಬಿಟ್ಟು ಮುಂಬಯಿಗೆ ಹೋಗಬೇಕಾಯಿತು. ಯಂತ್ರ ಅಲ್ಲಿತ್ತು. 1950ರಲ್ಲಿ ಧಾರವಾಡದ ಆಕಾಶವಾಣಿ ಆರಂಭವಾದಾಗ ಆ ದೂರ ಸ್ವಲ್ಪ ಕಡಿಮೆಯಾಯಿತು. ಆದರೂ ಧಾರವಾಡದ ಬಾಗಿಲು ತಟ್ಟಿದವರೆಷ್ಟು, ತಟ್ಟದೆ ಊರಲ್ಲಿಯೇ ಹಾಡಿ ಮುಗಿದುಹೋದವರೆಷ್ಟು! ಇಂದು ಯಂತ್ರವೇ ಬೀಳಗಿಗೆ ಬಂದಿದೆ. ಅಂಚೆಯ ಪೆಟ್ಟಿಗೆಯಲ್ಲಿ ಮನೆಯ ಬಾಗಿಲಿಗೆ ಬರುತ್ತದೆ. ಹೀಗಿರುವಾಗ ಅದನ್ನು ಆರಿಸಿಕೊಳ್ಳುವ ವಿವೇಕ ಮಾತ್ರ ನಮ್ಮ ಪಾಲಿನ ಕೆಲಸವಾಗಿ ಉಳಿದಿದೆ.

ತತ್ತ್ವಶಾಸ್ತ್ರದ ತರಗತಿಯಲ್ಲಿ ಸಂತ ತೋಮಾಸ್ ಅಕ್ವಿನಾಸರನ್ನು ಓದಿದವರೆಲ್ಲರೂ ಬಲ್ಲ ಒಂದು ವಿಚಾರವಿದೆ: ಕಾರ್ಯದಲ್ಲಿ ಕೊನೆಗೆ ಕೈಗೂಡುವ ಗುರಿಯೇ ಸಂಕಲ್ಪದಲ್ಲಿ ಮೊದಲು ಬರಬೇಕು, ಸಾಧನಗಳು ಅದಕ್ಕೆ ಅಧೀನವಾಗಿರಬೇಕು. ಅಂಗಡಿಯ ಮುಂದೆ ನಿಂತಾಗ ಇದು ಮರೆತುಹೋಗುತ್ತದೆ. ಆದುದರಿಂದ ಅಂಗಡಿಗೆ ಹೋಗುವ ಮೊದಲೇ ಮನೆಯಲ್ಲಿ ಕುಳಿತು ಒಂದು ಪ್ರಶ್ನೆಗೆ ಉತ್ತರ ಬರೆದುಕೊಳ್ಳುವುದು ಒಳ್ಳೆಯದು. ಒಂದೇ ಸಮಯಕ್ಕೆ ಎಷ್ಟು ಧ್ವನಿಗಳನ್ನು ಮುದ್ರಿಸಬೇಕಾಗಿದೆ? ಒಬ್ಬರೇ ಮಾತನಾಡುವುದಾದರೆ ಅಥವಾ ಹಾಡುವುದಾದರೆ ಒಂದು ಮೈಕು ಸಾಕು. ಹಾರ್ಮೋನಿಯಂ ನುಡಿಸುತ್ತ ಹಾಡುವವರಿದ್ದರೆ ಎರಡು. ತಬಲಾ, ಹಾರ್ಮೋನಿಯಂ, ಗಾಯಕ ಮೂವರೂ ಕೂಡಿ ಮುದ್ರಿಸಬೇಕೆಂದರೆ ಲೆಕ್ಕ ಬೇರೆಯಾಗುತ್ತದೆ. ಆದರೆ ಅವರನ್ನು ಒಬ್ಬೊಬ್ಬರನ್ನಾಗಿ, ಹಿಂದಿನದನ್ನು ಕಿವಿಯಲ್ಲಿ ಕೇಳಿಸುತ್ತ ಮುದ್ರಿಸುವುದೂ ಸಾಧ್ಯ. ಮನೆಯ ಕೆಲಸದ ಬಹುಪಾಲಿಗೆ ಎರಡು ದ್ವಾರಗಳಿಗಿಂತ ಹೆಚ್ಚು ಬೇಕಾಗುವುದಿಲ್ಲ. ಎಂಟು ದ್ವಾರದ ಮಿಕ್ಸರ್ ತಂದು ಏಳನ್ನು ಖಾಲಿ ಇಡುವುದು ಎಂಟು ಕೋಣೆಯ ಮನೆ ಕಟ್ಟಿಸಿ ಅಡುಗೆಮನೆಯಲ್ಲಿ ಮಲಗಿದಂತೆ.

ಇನ್ನು ಸದ್ದಿನ ವಿಚಾರ. ಪುಸ್ತಕಗಳಲ್ಲಿ ಬರೆದ ಸಲಹೆಗಳು ಬಹುಮಟ್ಟಿಗೆ ಶಾಂತವಾದ ಊರುಗಳಿಗೆ ಹೇಳಿದವು. ರಬಕವಿ-ಬನಹಟ್ಟಿಯಲ್ಲಿ ವಿದ್ಯುತ್ ಮಗ್ಗಗಳ ಲಟಪಟ ಓಣಿ ಓಣಿಯಲ್ಲಿದೆ. ಮಗ್ಗದ ಮನೆಯೊಳಗೆ ನಿಂತರೆ ಪಕ್ಕದವನ ಮಾತು ಕೇಳದು. ಮುಧೋಳ, ಜಮಖಂಡಿಗಳ ರಸ್ತೆಯಲ್ಲಿ ಕಬ್ಬು ನುರಿಸುವ ಹಂಗಾಮು ಬಂದಿತೆಂದರೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಎದೆ ನಡುಗಿಸುವ ಹಾಡಿನೊಂದಿಗೆ ಹಗಲಿರುಳು ಸಾಗುತ್ತವೆ. ಬೇಸಿಗೆಯ ಬಿಸಿಲಿಗೆ ಫ್ಯಾನು ನಿಲ್ಲಿಸುವಂತಿಲ್ಲ. ಇಷ್ಟೆಲ್ಲದರ ನಡುವೆ ಐವತ್ತು ಸಾವಿರದ ಮೈಕು ತಂದಿಟ್ಟರೆ ಅದು ಐವತ್ತು ಸಾವಿರದ ನಿಷ್ಠೆಯಿಂದ ಮಗ್ಗವನ್ನೂ ಟ್ರ್ಯಾಕ್ಟರನ್ನೂ ಫ್ಯಾನನ್ನೂ ಮುದ್ರಿಸುತ್ತದೆ. ಆಮೇಲೆ ಗಣಕಯಂತ್ರದಲ್ಲಿ ಸದ್ದನ್ನು ತೆಗೆಯಬಹುದೆಂದು ಹುಡುಗರು ಹೇಳುತ್ತಾರೆ. ಫ್ಯಾನಿನಂತಹ ಏಕರೂಪದ ಸದ್ದನ್ನು ಒಂದು ಮಟ್ಟಿಗೆ ತೆಗೆಯಬಹುದು, ನಿಜ. ಮಗ್ಗದ ಬಡಿತವನ್ನು ತೆಗೆಯಹೊರಟರೆ ಹಾಡಿದವರ ಕಂಠವೂ ಅದರೊಂದಿಗೆ ಸವೆದು, ಕೊಳವೆಯೊಳಗಿಂದ ಕೇಳಿಬಂದಂತೆ ಆಗುತ್ತದೆ.

ಆದುದರಿಂದ ಯಾವ ವಸ್ತುವನ್ನೂ ಕೊಳ್ಳುವ ಮೊದಲು ಮನೆಯ ಪ್ರತಿಯೊಂದು ಕೋಣೆಯಲ್ಲಿಯೂ ಹತ್ತು ನಿಮಿಷ ಕಣ್ಣುಮುಚ್ಚಿ ಕುಳಿತು ಕೇಳಬೇಕು. ಹಳೆಯ ಮಾಳಿಗೆಯ ಮನೆ ಉಳ್ಳವರು ಭಾಗ್ಯವಂತರು. ಎರಡು ಅಡಿ ದಪ್ಪದ ಗೋಡೆ, ಮಣ್ಣಿನ ಮೇಲ್ಮುದ್ದೆ, ಚಿಕ್ಕ ಕಿಟಕಿ, ಒಳಗೆ ಜೋಳದ ಚೀಲಗಳ ಸಾಲು: ಹಣ ಕೊಟ್ಟು ಕಟ್ಟಿಸುವ ಧ್ವನಿಮುದ್ರಣ ಕೋಣೆಯ ಗುಣಗಳಲ್ಲಿ ಹೆಚ್ಚಿನವು ಅಲ್ಲಿ ತಾವಾಗಿಯೇ ಇವೆ. ದಪ್ಪ ಗೋಡೆ ಹೊರಗಿನ ಸದ್ದನ್ನು ತಡೆಯುತ್ತದೆ. ಚೀಲಗಳು ಒಳಗಿನ ಪ್ರತಿಧ್ವನಿಯನ್ನು ನುಂಗುತ್ತವೆ. ಈ ಎರಡೂ ಬೇರೆ ಬೇರೆ ಕೆಲಸಗಳೆಂಬುದನ್ನು ಗಮನಿಸಬೇಕು. ಗೋಡೆಗೆ ಅಂಟಿಸುವ ಸ್ಪಂಜು ಪ್ರತಿಧ್ವನಿಯನ್ನು ತಗ್ಗಿಸುತ್ತದೆಯೇ ಹೊರತು ಪಕ್ಕದ ಮನೆಯ ಮಗ್ಗವನ್ನು ತಡೆಯುವುದಿಲ್ಲ. ಮೊಟ್ಟೆಯ ತಟ್ಟೆಗಳನ್ನು ಗೋಡೆಗೆ ಹೊಡೆಯುವ ಪದ್ಧತಿಯಂತೂ ಎರಡು ಕೆಲಸವನ್ನೂ ನೆಟ್ಟಗೆ ಮಾಡದು. ಜಿರಲೆಗಳಿಗೆ ಮಾತ್ರ ಅದರಿಂದ ಉಪಕಾರ.

ಆರ್.ಸಿ.ಸಿ. ಮನೆಯಲ್ಲಿ ಇರುವವರು, ಅಂದರೆ ನಮ್ಮಲ್ಲಿ ಈಗ ಹೆಚ್ಚಿನವರು, ಏನು ಮಾಡಬೇಕು? ಬರಿಯ ಗೋಡೆ, ನಯವಾದ ಫರಸಿ, ಸಿಮೆಂಟಿನ ತಾರಸಿ ಇವು ಧ್ವನಿಯನ್ನು ಚೆಂಡಿನಂತೆ ಪುಟಿಸುತ್ತವೆ. ಇದಕ್ಕೆ ಮದ್ದು ನಮ್ಮ ಅಜ್ಜಿಯರು ಹೊಲಿದಿಟ್ಟ ಕೌದಿಗಳಲ್ಲಿದೆ. ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಒತ್ತಿ ಹೊಲಿದ ಕೌದಿ ಧ್ವನಿಯನ್ನು ಹೀರುವುದರಲ್ಲಿ ಅಂಗಡಿಯ ತೆಳು ಸ್ಪಂಜಿಗೆ ಸರಿಜೋಡಿ. ಹಾಡುವವರ ಬೆನ್ನ ಹಿಂದೆ ಒಂದು, ಎಡಬಲಕ್ಕೆ ಒಂದೊಂದು, ಗೋಡೆಯಿಂದ ಒಂದು ಗೇಣು ಮುಂದಕ್ಕೆ ಹಗ್ಗದ ಮೇಲೆ ಇಳಿಬಿಟ್ಟರೆ ಕೋಣೆಯ ಮಾತೇ ಬದಲಾಗುತ್ತದೆ. ನೆಲಕ್ಕೊಂದು ಜಮಖಾನೆ ಹಾಸಬೇಕು. ಕೋಣೆಯ ನಡುಮಧ್ಯದಲ್ಲಿಯೂ ಮೂಲೆಯ ತುದಿಯಲ್ಲಿಯೂ ಮೈಕನ್ನು ನಿಲ್ಲಿಸಬಾರದು. ಇದಿಷ್ಟಕ್ಕೆ ಖರ್ಚು ಹಗ್ಗದ್ದು ಮಾತ್ರ.

ಇಲ್ಲಿ ಮಗ್ಗದ ಊರಿನವರಿಗೆ ಒಂದು ಉಪಾಯವನ್ನು ಹೇಳುವೆನು. ಕರೆಂಟು ಹೋದೊಡನೆ ಬನಹಟ್ಟಿಯ ಮಗ್ಗಗಳು ನಿಲ್ಲುತ್ತವೆ, ಫ್ಯಾನು ನಿಲ್ಲುತ್ತದೆ, ನೀರಿನ ಪಂಪು ನಿಲ್ಲುತ್ತದೆ, ಇಡೀ ಓಣಿ ಒಮ್ಮೆಲೇ ಮೌನವಾಗುತ್ತದೆ. ನಾವೆಲ್ಲ ಆ ಗಳಿಗೆಯಲ್ಲಿ ವಿದ್ಯುತ್ ಇಲಾಖೆಯನ್ನು ಬೈಯುತ್ತ ಕೂರುತ್ತೇವೆ. ಮಡಿಲ ಮೇಲಿನ ಗಣಕಯಂತ್ರ, ಅಂದರೆ ಲ್ಯಾಪ್‌ಟಾಪ್, ತನ್ನ ಬ್ಯಾಟರಿಯ ಮೇಲೆ ಎರಡು ಗಂಟೆ ನಡೆಯಬಲ್ಲದು. ಅದಕ್ಕೆ ಸಿಕ್ಕಿಸುವ ಯು.ಎಸ್.ಬಿ. ಪೆಟ್ಟಿಗೆ ಅದರಿಂದಲೇ ಶಕ್ತಿ ಪಡೆಯುತ್ತದೆ. ಕರೆಂಟು ಹೋದ ಗಳಿಗೆಯೇ ಧ್ವನಿಮುದ್ರಣಕ್ಕೆ ಶುಭಗಳಿಗೆ. ಇನ್ನೊಂದು ಲಾಭವೂ ಇದರಲ್ಲಿದೆ. ಭೂಸಂಪರ್ಕ ಸರಿಯಿಲ್ಲದ ಮನೆಗಳಲ್ಲಿ ಗೋಡೆಯ ವಿದ್ಯುತ್ತಿಗೆ ಯಂತ್ರವನ್ನು ಜೋಡಿಸಿದಾಗ ಸೆಕೆಂಡಿಗೆ 50 ಆವರ್ತಗಳ ಗುಂಯ್ ಎಂಬ ಸದ್ದು ಮುದ್ರಣದಲ್ಲಿ ಸೇರಿಕೊಳ್ಳುತ್ತದೆ. ಚಾರ್ಜರನ್ನು ಕಿತ್ತು ಬ್ಯಾಟರಿಯ ಮೇಲೆ ನಡೆಸಿದರೆ ಎಷ್ಟೋ ಬಾರಿ ಅದು ತಾನಾಗಿಯೇ ಮಾಯವಾಗುತ್ತದೆ. ಈ ಕಾರಣಕ್ಕಾಗಿಯೇ ಮೇಜಿನ ಗಣಕಯಂತ್ರಕ್ಕಿಂತ ಲ್ಯಾಪ್‌ಟಾಪು ನಮ್ಮ ಕಡೆಗೆ ಮೇಲೆಂಬುದು ನನ್ನ ಎಣಿಕೆ.

ಈಗ ಮೈಕಿಗೆ ಬರೋಣ. ಮುಖ್ಯವಾಗಿ ಎರಡು ಜಾತಿಗಳಿವೆ. ಡೈನಾಮಿಕ್ ಎಂಬುದರಲ್ಲಿ ತೆಳುವಾದ ಪೊರೆಯೊಂದಕ್ಕೆ ತಂತಿಯ ಸುರುಳಿ ಅಂಟಿಕೊಂಡಿರುತ್ತದೆ. ಧ್ವನಿ ತಾಗಿದಾಗ ಸುರುಳಿ ಅಯಸ್ಕಾಂತದ ನಡುವೆ ಅಲುಗಾಡಿ ಸಣ್ಣ ವಿದ್ಯುತ್ತನ್ನು ಹುಟ್ಟಿಸುತ್ತದೆ. ಗಟ್ಟಿಮುಟ್ಟಾದ ವಸ್ತು, ಹೊರಗಿನ ಶಕ್ತಿ ಬೇಡ, ಧೂಳಿಗೂ ಸೆಕೆಗೂ ಅಂಜದು. ಕಂಡೆನ್ಸರ್ ಎಂಬುದರಲ್ಲಿ ಅತಿ ಹಗುರವಾದ ಪೊರೆಯೊಂದು ಲೋಹದ ತಗಡಿನ ಎದುರು ನಿಂತಿರುತ್ತದೆ. ಸಾಮಾನ್ಯವಾಗಿ ಅದಕ್ಕೆ 48 ವೋಲ್ಟ್ ಶಕ್ತಿಯನ್ನು ಕೇಬಲ್ಲಿನ ಮೂಲಕ ಒದಗಿಸಬೇಕು. ಉಸಿರಿನ ಸೂಕ್ಷ್ಮವನ್ನೂ ತಂತಿಯ ಮಿಂಚನ್ನೂ ಅದು ಹಿಡಿಯುತ್ತದೆ. ಶಾಂತವಾದ, ಹದಗೊಳಿಸಿದ ಕೋಣೆಯಲ್ಲಿ ಕಂಡೆನ್ಸರಿನ ಸೊಗಸಿಗೆ ಡೈನಾಮಿಕ್ ಸಾಟಿಯಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ನಮ್ಮ ಮನೆಗಳು ಶಾಂತವೂ ಅಲ್ಲ, ಹದಗೊಳಿಸಿದವೂ ಅಲ್ಲ. ಅಗ್ಗದ ಕಂಡೆನ್ಸರ್ ಮೈಕುಗಳ ಚಿತ್ರ ನೋಡಲು ಅಂದವಾಗಿರುವುದರಿಂದ ಹುಡುಗರು ಅದನ್ನೇ ಬಯಸುತ್ತಾರೆ. ಈ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಮೊದಲ ಮೈಕು ಡೈನಾಮಿಕ್ ಆಗಿರಲಿ ಎಂದೇ ನಾನು ಹೇಳುವೆನು.

ಡೈನಾಮಿಕ್ ಮೈಕು ಹೊರಗಿನ ಗದ್ದಲವನ್ನು ಸೋಸುತ್ತದೆ ಎಂದು ಮಾರುವವರು ಹೇಳುತ್ತಾರೆ, ಇದು ಅರ್ಧಸತ್ಯ. ಯಾವ ಮೈಕಿಗೂ ಗಾಯಕ ಯಾರು, ಮಗ್ಗ ಯಾವುದು ಎಂಬ ವಿವೇಕವಿಲ್ಲ. ಅದರ ನಿಜವಾದ ಗುಣವೆಂದರೆ ತುಟಿಗೆ ಬಹಳ ಹತ್ತಿರ ಇಟ್ಟರೂ ಧ್ವನಿ ಒಡೆಯದಿರುವುದು. ಬಾಯಿಗೂ ಮೈಕಿಗೂ ನಡುವಣ ಅಂತರ ಎರಡು ಪಟ್ಟಾದರೆ ತಲುಪುವ ಧ್ವನಿಯ ಒತ್ತಡ ಅರ್ಧವಾಗುತ್ತದೆ. ಎರಡು ಇಂಚಿನಿಂದ ಹದಿನಾರು ಇಂಚಿಗೆ ಸರಿದರೆ ಎಂಟನೆಯ ಒಂದು ಭಾಗ ಮಾತ್ರ ಉಳಿಯುತ್ತದೆ. ಮಗ್ಗದ ಸದ್ದು ಮಾತ್ರ ಮೊದಲಿದ್ದಷ್ಟೇ ಇರುತ್ತದೆ. ಆದುದರಿಂದ ಹತ್ತಿರದಲ್ಲಿ ಹಾಡುವುದೇ ಅತ್ಯಂತ ಅಗ್ಗದ ಸದ್ದುನಿವಾರಕ. ತೀರ ಹತ್ತಿರವಾದರೆ ಮಂದ್ರಸ್ವರ ಉಬ್ಬುತ್ತದೆ, ಪಕಾರ ಬಕಾರಗಳು ಗುದ್ದುತ್ತವೆ. ಮೂರು ನಾಲ್ಕು ಬೆರಳಿನ ಅಂತರವಿಟ್ಟು, ನಡುವೆ ಒಂದು ತೆಳುಬಟ್ಟೆಯ ಪರದೆಯನ್ನು ಹಿಡಿದರೆ ಸಾಕು. ಕಸೂತಿಯ ಮರದ ಉಂಗುರಕ್ಕೆ ಬಿಡಿಬಿಡಿಯಾಗಿ ನೇಯ್ದ ತೆಳು ಅರಿವೆಯನ್ನು ಬಿಗಿದರೆ ಆ ಪರದೆ ಸಿದ್ಧ. ನೇಕಾರರ ಊರಿನಲ್ಲಿ ಅದನ್ನು ಹಣ ಕೊಟ್ಟು ತರಿಸಿಕೊಳ್ಳುವುದು ನಗೆಪಾಟಲು.

ಮೈಕಿನ ಮೇಲೆ ಖರ್ಚುಮಾಡಲು ನಾನು ಹಿಂಜರಿಯುವುದಿಲ್ಲ. ಗಣಕಯಂತ್ರ ಐದಾರು ವರ್ಷಗಳಲ್ಲಿ ಹಳತಾಗುತ್ತದೆ. ಒಳ್ಳೆಯ ಮೈಕು ತಂದೆಯಿಂದ ಮಗನಿಗೆ ಬರುವ ವಸ್ತು. ಶ್ಯೂರ್ ಕಂಪನಿಯ ಎಸ್.ಎಂ. 58 ಎಂಬ ಮೈಕು 1966ರಲ್ಲಿ ಬಂದದ್ದು ಇಂದಿಗೂ ಹೆಚ್ಚುಕಡಿಮೆ ಅದೇ ರೂಪದಲ್ಲಿ ಮಾರಾಟವಾಗುತ್ತಿದೆ. ಎಲ್ಲರೂ ಅದನ್ನೇ ಕೊಳ್ಳಬೇಕೆಂದಲ್ಲ. ಅದಕ್ಕಿಂತ ಕಡಿಮೆ ಬೆಲೆಯಲ್ಲಿ ಕೆಲಸಕ್ಕೆ ಬರುವವು ಹಲವು ಇವೆ. ಆದರೆ ಆ ಹೆಸರಿನ ನಕಲುಗಳು ಸಂತೆಯಲ್ಲಿ ಹೇರಳ. ಹೆಸರಾಂತ ಮೈಕು ಅರ್ಧಕ್ಕಿಂತ ಕಡಿಮೆ ಬೆಲೆಗೆ ದೊರೆಯುತ್ತಿದ್ದರೆ ಅದು ನಕಲೆಂದೇ ತಿಳಿಯಬೇಕು. ಬಿಲ್ಲು ಮತ್ತು ವಾರಂಟಿ ಇಲ್ಲದೆ ಕೊಳ್ಳಬಾರದು.

ನೇರವಾಗಿ ಗಣಕಯಂತ್ರಕ್ಕೆ ಸಿಕ್ಕಿಸುವ ಯು.ಎಸ್.ಬಿ. ಮೈಕುಗಳೂ ಉಂಟು. ಒಬ್ಬರೇ ಪಾಠ ಹೇಳುವವರಿಗೆ, ಕಥೆ ಓದುವವರಿಗೆ ಅದು ತಕ್ಕುದು. ಬೇರೆ ಪೆಟ್ಟಿಗೆಯ ಖರ್ಚು ಉಳಿಯುತ್ತದೆ. ನಾಳೆ ಎರಡನೆಯ ಧ್ವನಿ ಬೇಕೆಂದಾಗ ಮಾತ್ರ ತೊಡಕು. ಹಾಡುವ ಮನೆಗಳಿಗೆ ಆಡಿಯೋ ಇಂಟರ್‌ಫೇಸ್ ಎಂಬ ಚಿಕ್ಕ ಪೆಟ್ಟಿಗೆಯೇ ಸರಿಯಾದ ದಾರಿ. ಮೈಕಿನಿಂದ ಬರುವ ಕ್ಷೀಣ ವಿದ್ಯುತ್ತನ್ನು ಹಿಗ್ಗಿಸಿ, ಅಂಕಿಗಳಾಗಿ ಮಾರ್ಪಡಿಸಿ ಗಣಕಯಂತ್ರಕ್ಕೆ ಒಪ್ಪಿಸುವುದು ಅದರ ಕೆಲಸ. ಬೆರಿಂಜರ್, ಎಂ-ಆಡಿಯೋ, ಫೋಕಸ್‌ರೈಟ್ ಮೊದಲಾದವರ ಒಂದೆರಡು ದ್ವಾರದ ಪೆಟ್ಟಿಗೆಗಳು ಮನೆಗೆ ಧಾರಾಳವಾಗಿ ಸಾಕು. ಡೈನಾಮಿಕ್ ಮೈಕಿನ ಧ್ವನಿ ಮೆಲ್ಲಗಿರುವುದರಿಂದ ಪೆಟ್ಟಿಗೆಯ ಹಿಗ್ಗಿಸುವ ಶಕ್ತಿ 50 ಡೆಸಿಬೆಲ್‌ಗಿಂತ ಕಡಿಮೆಯಿರಬಾರದು, 55 ಇದ್ದರೆ ಉತ್ತಮ. ಕೊಳ್ಳುವ ಮುನ್ನ ವಿವರಪತ್ರದಲ್ಲಿ ಇದೊಂದನ್ನು ತಪ್ಪದೆ ನೋಡಬೇಕು.

ಪೆಟ್ಟಿಗೆಯ ಮೇಲೆ ಬರೆದ ಉಳಿದ ದೊಡ್ಡ ಅಂಕಿಗಳಿಗೆ ಮರುಳಾಗಬೇಕಾದ ಕಾರಣವಿಲ್ಲ. ಮನುಷ್ಯನ ಕಿವಿ ಹೆಚ್ಚೆಂದರೆ ಸೆಕೆಂಡಿಗೆ 20,000 ಆವರ್ತಗಳವರೆಗೆ ಕೇಳುತ್ತದೆ. ಐವತ್ತು ದಾಟಿದ ನನ್ನಂಥವರಿಗೆ ಅದೂ ಇಲ್ಲ. ಒಂದು ಧ್ವನಿಯನ್ನು ಪೂರ್ಣವಾಗಿ ಅಂಕಿಗಿಳಿಸಲು ಅದರ ಅತ್ಯುಚ್ಚ ಆವರ್ತದ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು ಸಲ ಅಳೆದರೆ ಸಾಕೆಂಬುದು ಗಣಿತದಿಂದ ಸಿದ್ಧವಾದ ಮಾತು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಗೆ 44,100 ಸಲ ಎಂದು ಗೊತ್ತುಪಡಿಸಿದ್ದು ಈ ಲೆಕ್ಕದಿಂದಲೇ. ವಿಡಿಯೋಗೆ 48,000 ರೂಢಿಯಲ್ಲಿದೆ. 1,92,000ಕ್ಕೆ ಹೆಚ್ಚಿನ ಹಣ ಕೊಡುವುದು ಬಾವಲಿಗಳನ್ನು ಮೆಚ್ಚಿಸುವುದಕ್ಕಾದರೆ ಆಗಬಹುದು. ಬಿಟ್ಟುಗಳ ವಿಚಾರವೂ ಹೀಗೆಯೇ: 16 ಬಿಟ್ಟಿನಲ್ಲಿ ಸುಮಾರು 96 ಡೆಸಿಬೆಲ್ ವ್ಯಾಪ್ತಿಯಿದೆ. ನಮ್ಮ ಮನೆಯ ಹಿನ್ನೆಲೆಯ ಸದ್ದಿಗೂ ಹಾಡಿನ ಏರುದನಿಗೂ ನಡುವೆ ಅದರ ಅರ್ಧದಷ್ಟು ಅಂತರ ದೊರೆತರೆ ದೊಡ್ಡದು. 24 ಬಿಟ್ಟಿನ ಪೆಟ್ಟಿಗೆ ಸಿಕ್ಕಿದರೆ ಒಳ್ಳೆಯದೇ. ಧ್ವನಿಯನ್ನು ಸ್ವಲ್ಪ ತಗ್ಗಿನಲ್ಲಿ ಮುದ್ರಿಸಿಕೊಂಡು ಒಡೆಯುವ ಭಯವಿಲ್ಲದೆ ಹಾಡಬಹುದು. ಸಿಗದಿದ್ದರೆ ಅದಕ್ಕಾಗಿ ಸಾಲ ಮಾಡುವಂತಹುದೇನೂ ಇಲ್ಲ.

ಪೆಟ್ಟಿಗೆಯಲ್ಲಿ ಅಗತ್ಯವಾಗಿ ಇರಬೇಕಾದ ಗುಂಡಿಯೊಂದಿದೆ: ಹಾಡುವವರ ಧ್ವನಿಯನ್ನು ಗಣಕಯಂತ್ರಕ್ಕೆ ಸುತ್ತಿಸದೆ ನೇರವಾಗಿ ಹೆಡ್‌ಫೋನಿಗೆ ಕೇಳಿಸುವುದು. ಗಣಕಯಂತ್ರದೊಳಗೆ ಹೋಗಿ ಬರುವ ಧ್ವನಿ ತುಸು ತಡವಾಗುತ್ತದೆ. ಗಾಳಿಯಲ್ಲಿ ಧ್ವನಿ ಸೆಕೆಂಡಿಗೆ ಸುಮಾರು 340 ಮೀಟರು ಚಲಿಸುವುದರಿಂದ, ಹಾರ್ಮೋನಿಯಂನಿಂದ ಹನ್ನೊಂದು ಅಡಿ ದೂರ ನಿಂತ ಗಾಯಕನಿಗೆ ಸ್ವರ ತಲುಪಲು 10 ಮಿಲಿಸೆಕೆಂಡು ಬೇಕು. ಅಷ್ಟು ತಡವನ್ನು ಯಾರೂ ಲೆಕ್ಕಿಸುವುದಿಲ್ಲ. ಅದು 30, 40ಕ್ಕೆ ಏರಿದರೆ ತನ್ನ ಕಂಠವೇ ತನ್ನನ್ನು ಅಣಕಿಸಿದಂತಾಗಿ ತಾಳ ತಪ್ಪುತ್ತದೆ. ತಂತಿಯಿಲ್ಲದ ಬ್ಲೂಟೂತ್ ಹೆಡ್‌ಫೋನುಗಳಲ್ಲಿ ತಡ ನೂರು ಮಿಲಿಸೆಕೆಂಡನ್ನೂ ಮೀರುವುದುಂಟು. ತಂತಿಯುಳ್ಳ, ಹಿಂಬದಿ ಮುಚ್ಚಿದ ಹೆಡ್‌ಫೋನೇ ಬೇಕು. ದೊಡ್ಡ ಸ್ಪೀಕರುಗಳು ಸದ್ಯಕ್ಕೆ ಬೇಡ. ಹದಗೊಳಿಸದ ಕೋಣೆಯಲ್ಲಿ ಅವು ಹೇಳುವುದು ಕೋಣೆಯ ಸುಳ್ಳನ್ನು. ಮುದ್ರಿಸಿದ ಹಾಡನ್ನು ಹೆಡ್‌ಫೋನಿನಲ್ಲಿ, ಫೋನಿನಲ್ಲಿ, ಸಾಧ್ಯವಾದರೆ ಯಾರದಾದರೂ ಕಾರಿನಲ್ಲಿ ಕೇಳಿ ನೋಡುವುದು ಸಾಕಾದ ಪರೀಕ್ಷೆ.

ಗಣಕಯಂತ್ರದ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಎರಡು ಧ್ವನಿಗಳನ್ನು ಮುದ್ರಿಸುವುದು ಇಂದಿನ ಯಂತ್ರಗಳಿಗೆ ಹಗುರವಾದ ಕೆಲಸ. ಓದಿಗೆಂದು ನಾಲ್ಕೈದು ವರ್ಷಗಳ ಹಿಂದೆ ಕೊಂಡ ಲ್ಯಾಪ್‌ಟಾಪು ಮನೆಯಲ್ಲಿದ್ದರೆ ಅದರಲ್ಲಿಯೇ ಆರಂಭಿಸಬಹುದು. ನಿಧಾನವಾಗಿದ್ದರೆ ಹಳೆಯ ಡಿಸ್ಕನ್ನು ಕಿತ್ತು ಎಸ್.ಎಸ್.ಡಿ. ಹಾಕಿಸಬೇಕು, ಅದು ಸದ್ದನ್ನೂ ಮಾಡುವುದಿಲ್ಲ. 48,000 ಸಲ, 24 ಬಿಟ್, ಒಂದು ಧ್ವನಿ ಎಂದರೆ ಗಂಟೆಗೆ ಸುಮಾರು 520 ಎಂ.ಬಿ. ಜಾಗ ಸಾಕಾಗುತ್ತದೆ. ತಂತ್ರಾಂಶಕ್ಕೆ ಹಣವೇ ಬೇಡ: 1999ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಆಡಾಸಿಟಿ ಎಂಬುದನ್ನು ಇಂದಿಗೂ ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು. ದುಬಾರಿ ತಂತ್ರಾಂಶವನ್ನು ಬೀಗ ಮುರಿದು ಹಾಕಿಕೊಡುತ್ತೇನೆ ಎನ್ನುವವರು ನಮ್ಮ ಊರುಗಳಲ್ಲಿಯೂ ಇದ್ದಾರೆ. ಅದಕ್ಕೆ ಕಳ್ಳತನವೆಂಬ ಹೆಸರಿದೆ, ಮತ್ತು ಹಾಗೆ ಬಂದ ತಂತ್ರಾಂಶದ ಹಿಂದೆ ವೈರಸ್ಸೂ ಬರುವುದುಂಟು.

ಮನೆಯಲ್ಲಿ ಲ್ಯಾಪ್‌ಟಾಪು ಇದೆ, ಕೈಯಲ್ಲಿ 20,000 ರೂಪಾಯಿ ಇದೆ ಎಂದು ಇಟ್ಟುಕೊಳ್ಳೋಣ. ನಾನಾದರೆ 8,000ವನ್ನು ಮೈಕು, ಸ್ಟ್ಯಾಂಡು, ಕೇಬಲ್ಲುಗಳಿಗೆ, 6,000ವನ್ನು ಇಂಟರ್‌ಫೇಸಿಗೆ, 3,000ವನ್ನು ಹೆಡ್‌ಫೋನಿಗೆ ಎತ್ತಿಟ್ಟು, ಸಾವಿರದಲ್ಲಿ ಕೋಣೆಯನ್ನು ಸಜ್ಜುಗೊಳಿಸಿ, ಎರಡು ಸಾವಿರವನ್ನು ಕೈಯಲ್ಲಿ ಉಳಿಸಿಕೊಳ್ಳುತ್ತಿದ್ದೆ. ಉಳಿದದ್ದು ಯಾವುದಕ್ಕೆಂದು ಕೇಳಬೇಡಿ; ಕೇಬಲ್ಲು ಎಂಬ ವಸ್ತು ಹಬ್ಬದ ಹಿಂದಿನ ದಿನವೇ ಹರಿಯುತ್ತದೆ. 10,000 ಮಾತ್ರ ಇದ್ದರೆ ಒಳ್ಳೆಯ ಯು.ಎಸ್.ಬಿ. ಮೈಕು, ಹೆಡ್‌ಫೋನು, ಕೌದಿಗಳು. ಅಷ್ಟರಿಂದಲೂ ಕೇಳುವಂತಹ ಮುದ್ರಣ ಸಾಧ್ಯ. ಲಕ್ಷ ರೂಪಾಯಿಯ ಕಂತಿನ ಪಟ್ಟಿಗೆ ಮಾತ್ರ ನನ್ನ ಸಮ್ಮತಿಯಿಲ್ಲ. ಮಗ್ಗದ ಕೂಲಿಯಲ್ಲಿ, ನರ್ಸಿನ ಅಥವಾ ಶಾಲಾ ಶಿಕ್ಷಕಿಯ ಸಂಬಳದಲ್ಲಿ ನಡೆಯುವ ಮನೆ ಎರಡು ವರ್ಷ ಕಂತು ಕಟ್ಟಬೇಕು; ಹುಡುಗನ ಉತ್ಸಾಹ ಆರು ತಿಂಗಳು ನಿಂತರೆ ಪುಣ್ಯ. ಒಮ್ಮೆಗೇ ಒಳ್ಳೆಯದನ್ನು ಕೊಂಡರೆ ಮತ್ತೆ ಕೊಳ್ಳುವ ಪ್ರಮೇಯವಿಲ್ಲವೆಂದು ಕೆಲವರು ವಾದಿಸುತ್ತಾರೆ. ಮೈಕಿನ ವಿಷಯದಲ್ಲಿ ಅವರ ವಾದ ನ್ಯಾಯವಾದುದು. ಉಳಿದವುಗಳ ವಿಷಯದಲ್ಲಿ ಅಲ್ಲ. ಮೊದಲ ವರ್ಷ ಏನು ಬೇಕೆಂಬುದು ಯಾರಿಗೂ ಗೊತ್ತಿರುವುದಿಲ್ಲ, ಎರಡನೆಯ ವರ್ಷ ಗೊತ್ತಾಗುತ್ತದೆ.

ನಮ್ಮ ಭಾಗದಲ್ಲಿ ಸಣ್ಣ ಕೋಣೆಗಳಲ್ಲಿಯೇ ಹುಟ್ಟಿ ಟ್ರ್ಯಾಕ್ಟರುಗಳ ಮೇಲೆ ಮೊಳಗುವ ಜನಪದ ಹಾಡುಗಳನ್ನು ಕೇಳಿ ಮೂಗು ಮುರಿಯುವ ಹಿರಿಯರಿದ್ದಾರೆ. ನನಗೆ ಅಷ್ಟು ತಿರಸ್ಕಾರವಿಲ್ಲ. ಊರು ಬಿಡದೆ ತಮ್ಮದೇ ಕನ್ನಡದಲ್ಲಿ ಹಾಡಿ ಸಾವಿರಾರು ಜನರನ್ನು ತಲುಪಿದ ಆ ಹುಡುಗರು ಒಂದು ದಾರಿಯನ್ನು ತೋರಿಸಿದ್ದಾರೆ. ಕಂಠವನ್ನು ಯಂತ್ರದಿಂದ ತಿದ್ದಿ ತಿದ್ದಿ ಎಲ್ಲರನ್ನೂ ಒಬ್ಬನೇ ಹಾಡಿದಂತೆ ಮಾಡುವುದನ್ನು ಮಾತ್ರ ನಮ್ಮ ಮಕ್ಕಳು ಕಲಿಯಬೇಕಾಗಿಲ್ಲ. ಹಾಗೆಯೇ, ಇನ್ನೊಬ್ಬರು ಬರೆದ ಗೀತೆಯನ್ನು ಮುದ್ರಿಸಿ ಪ್ರಕಟಿಸುವಾಗ ಅನುಮತಿ ಕೇಳುವ ಸೌಜನ್ಯವಿರಲಿ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಕರ್ತೃವಿನ ಹಕ್ಕು ಅವರು ತೀರಿಕೊಂಡ ಮೇಲೂ 60 ವರ್ಷ ಉಳಿಯುತ್ತದೆ. ಭಕ್ತಿಗೀತೆಯೆಂದ ಮಾತ್ರಕ್ಕೆ ವಿನಾಯಿತಿಯಿಲ್ಲ.

ಈ ಎಲ್ಲ ಲೆಕ್ಕಾಚಾರವನ್ನು ಅವಸರದಿಂದ ಮುಂದಿಡುವುದಕ್ಕೆ ಇನ್ನೊಂದು ಕಾರಣವಿದೆ. ಸಂತ ಅಗಸ್ಟೀನರು ತಮ್ಮ 'ಕನ್ಫೆಷನ್ಸ್' ಗ್ರಂಥದ ಹನ್ನೊಂದನೆಯ ಭಾಗದಲ್ಲಿ ಕಾಲವೆಂದರೇನೆಂದು ವಿಚಾರಿಸುವಾಗ ಧ್ವನಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತಾರೆ. ಧ್ವನಿ ಮುಗಿಯುವ ತನಕ ಅದನ್ನು ಅಳೆಯಲಾಗದು, ಮುಗಿದ ಮೇಲೆ ಅದು ಇಲ್ಲವೇ ಇಲ್ಲ; ಉಳಿಯುವುದು ನೆನಪಿನಲ್ಲಿ ಮೂಡಿದ ಅಚ್ಚು ಮಾತ್ರ. ನಮ್ಮ ಮನೆಗಳ ಮೂಲೆಯಲ್ಲಿ ಎಂಬತ್ತು ದಾಟಿದ ಅಜ್ಜಿಯರಿದ್ದಾರೆ. ಬೀಸುವ ಕಲ್ಲಿನ ಪದ, ಸೋಬಾನೆ, ಲಾಲಿಪದ, ಹಳೆಯ ದೇವಗೀತೆಗಳ ಮರೆತ ಧಾಟಿಗಳು ಅವರ ಕಂಠದಲ್ಲಿವೆ. ಪುಸ್ತಕದಲ್ಲಿ ಅಕ್ಷರ ಸಿಕ್ಕೀತು, ಧಾಟಿ ಸಿಗದು. ಶ್ರೀಕೃಷ್ಣ ಪಾರಿಜಾತದ ಮೇಳದಲ್ಲಿ ಹಾಡಿದ ಮುದುಕರು ನೆರೆಮನೆಯಲ್ಲಿದ್ದಾರು. ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟುಕೊಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದ ಬೀಳಗಿ ತಾಲ್ಲೂಕಿನ ಕುಟುಂಬಗಳಲ್ಲಿ, ಮುಳುಗಿದ ಊರಿನ ಹಾಡು ಇನ್ನೂ ಯಾರದೋ ನಾಲಗೆಯ ಮೇಲಿದೆ. ಉತ್ತಮವಾದ ಯಂತ್ರ ಬರಲಿ, ಆಮೇಲೆ ಮುದ್ರಿಸೋಣ ಎಂದು ಮುಂದಕ್ಕೆ ಹಾಕುತ್ತ ಹೋದರೆ ಯಂತ್ರ ಬರುತ್ತದೆ, ಅಜ್ಜಿ ಇರುವುದಿಲ್ಲ. ಪಾಲಕರಿಗೆ ನನ್ನದೊಂದು ಸೂಚನೆ: ಮೈಕು ಕೊಡಿಸುವ ಮೊದಲು ಮಗನಿಗೋ ಮಗಳಿಗೋ ಫೋನಿನಲ್ಲಿಯೇ ಅಜ್ಜಿಯ ಹತ್ತು ಪದಗಳನ್ನು ಮುದ್ರಿಸಿ ತರಲು ಹೇಳಿ. ಫೋನನ್ನು ಕರೆ ಬಾರದಂತೆ ಏರೋಪ್ಲೇನ್ ಸ್ಥಿತಿಗೆ ತಂದು, ಒಂದು ಗೇಣು ದೂರದಲ್ಲಿ ದಿಂಬಿನ ಮೇಲಿಟ್ಟು, ಬಾಗಿಲಿಗೆ ಕೌದಿ ಇಳಿಬಿಟ್ಟರೆ ಕೇಳುವಂತಹ ಮುದ್ರಣ ಬರುತ್ತದೆ. ಆ ಹತ್ತನ್ನು ತಾಳ್ಮೆಯಿಂದ ಮುಗಿಸಿದವರಿಗೆ 20,000 ರೂಪಾಯಿ ಕೊಡಲು ಹಿಂಜರಿಯಬೇಕಾಗಿಲ್ಲ.

ಮುದ್ರಿಸುವ ಮೊದಲು ಹಾಡುವವರ ಒಪ್ಪಿಗೆ ಪಡೆಯಬೇಕು. ಯೂಟ್ಯೂಬಿಗೆ ಹಾಕುವುದಾದರೆ ಅದನ್ನು ಪ್ರತ್ಯೇಕವಾಗಿ ಕೇಳಬೇಕು. ಪ್ರತಿ ಹಾಡಿನ ಆರಂಭದಲ್ಲಿ ಹಾಡಿದವರ ಹೆಸರು, ಊರು, ದಿನಾಂಕ, ಅದನ್ನು ಅವರು ಯಾರಿಂದ ಕಲಿತರು ಎಂಬುದನ್ನು ಅವರ ಬಾಯಿಂದಲೇ ಹೇಳಿಸಿ ಸೇರಿಸಬೇಕು. ಕಡತಗಳನ್ನು ಎಂ.ಪಿ.3ಕ್ಕೆ ಕುಗ್ಗಿಸದೆ ಮೂಲರೂಪದಲ್ಲಿಯೇ ಇಟ್ಟು, ಎರಡು ಪ್ರತಿ ಮಾಡಬೇಕು. ಒಂದು ಮನೆಯಲ್ಲಿರಲಿ. ಇನ್ನೊಂದು ಬೇರೆ ಊರಿನ ಬಂಧುಗಳಲ್ಲಿರಲಿ: ಜಮಖಂಡಿಯದು ಮುಧೋಳದಲ್ಲಿ, ಬೀಳಗಿಯದು ಬನಹಟ್ಟಿಯಲ್ಲಿ.